ಮೈಕಣ್ಣನ ಒಂದು ಸಾಲು, ಒಂದು ನಕ್ಷತ್ರ

ನಮ್ಮ ಭಾವನ ಬಗ್ಗೆ ಬಸ್ ನಿಲ್ದಾಣದಲ್ಲಿ ಹಬ್ಬಿರುವ ಸುದ್ದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಅವರು ಸಾಹೇಬರನ್ನು ಮೈಕಿನಲ್ಲಿ ಬೈದರು ಎನ್ನುವುದು ಸುಳ್ಳು. ಅವರ ಮನೆಯ ಮೇಲಿನ ಮಹಡಿಯಲ್ಲಿರುವ ವಕೀಲರ ಮಾನವನ್ನು ಬೇಕೆಂದೇ ಹರಾಜು ಹಾಕಿದರು ಎನ್ನುವುದೂ ಸುಳ್ಳು. ನಮ್ಮ ನಿಲ್ದಾಣದಿಂದ ನಕ್ಷತ್ರಕ್ಕೆ ಬಸ್ಸು ಬಿಡುತ್ತಾರೆ ಎಂಬ ಸುದ್ದಿಯಂತೂ ಹಸಿ ಸುಳ್ಳು. ಆದರೆ ಅದಕ್ಕೆ ಟಿಕೆಟ್ ಕೇಳಿಕೊಂಡು ಬಂದವರಿಗೆ ಇಲ್ಲ ಇಲ್ಲ ಎಂದು ಹೇಳಿ ನನ್ನ ಗಂಟಲು ಒಣಗಿದ್ದು ನಿಜ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲವನು ನಾನೊಬ್ಬನೇ. ಮೈಕಿನ ಕೋಣೆಗೂ ನನ್ನ ಟಿಕೆಟ್ ಕೌಂಟರಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಮೇಲಾಗಿ ಭಾವನ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ.

ಭಾವನ ಕೆಲಸ ಮೈಕಿನದು. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬಂದಿದೆ, ಎಲ್ಲಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು. ವರ್ಷಗಟ್ಟಲೆ ಕೂಗಿ ಕೂಗಿ ಅವರಿಗೆ ಮೈಕಣ್ಣ ಎಂಬ ಹೆಸರೇ ಬಿದ್ದುಹೋಗಿತ್ತು. ಮನೆಯಲ್ಲಿ ನೀರು ಕೇಳಬೇಕಾದರೂ ಪಕ್ಕದ ಬೀದಿಯವರು ಎದ್ದು ನಿಲ್ಲುವಂಥ ಕಂಠ. ಆಮೇಲೆ ಹೆಡ್ ಆಫೀಸಿನವರು ಒಂದು ಕಂಪ್ಯೂಟರ್ ಕೊಟ್ಟು ಅವರ ಬಾಯಿ ಮುಚ್ಚಿಸಿದರು. ಇನ್ನು ಕೂಗಬೇಕಾಗಿಲ್ಲ, ಒಂದು ಫೈಲಿನಲ್ಲಿ ಟೈಪ್ ಮಾಡಿದರೆ ಸಾಕು. ಆ ಫೈಲನ್ನು ತೆರೆದ ಕೂಡಲೇ ಓದುವ ಪ್ರೋಗ್ರಾಮು ಟಿಂಗ್‌ಟಾಂಗ್ ಎಂದು ಗಂಟೆ ಬಾರಿಸಿ, 'ಪ್ರಯಾಣಿಕರ ಗಮನಕ್ಕೆ' ಎಂದು ಶುರುಮಾಡಿ, ಒಬ್ಬ ಹೆಂಗಸಿನ ದನಿಯಲ್ಲಿ ನಿಲ್ದಾಣದ ಎಲ್ಲ ಧ್ವನಿವರ್ಧಕಗಳಲ್ಲೂ ಓದಿ ಹೇಳುತ್ತಿತ್ತು. ಒಮ್ಮೆ ಶುರುಮಾಡಿದರೆ ಮುಗಿಸದೆ ಬಿಡುತ್ತಿರಲಿಲ್ಲ. ಭಾವ ಆ ಹೆಂಗಸಿನ ಜೊತೆ ಬೇಗ ಹೊಂದಿಕೊಂಡರು. ಅಕ್ಕ ಮಾತ್ರ ಕೆಲವು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ತಕರಾರು ಹುಟ್ಟಿದ್ದು ಹಾಸಿಗೆಯಿಂದ. ಹೆಡ್ ಆಫೀಸಿನವರು ಯಾವುದೋ ಹಾಸಿಗೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಇನ್ನೊಂದು ಪ್ರೋಗ್ರಾಮು ಕಳಿಸಿದರು. ಅದೇ ಫೈಲು ಈ ಪ್ರಚಾರದ ಪ್ರೋಗ್ರಾಮಿನಲ್ಲಿ ತೆರೆದುಕೊಂಡರೆ ಮೊದಲು ಸಂಗೀತ, ಆಮೇಲೆ "ಬೆನ್ನು ನೋವೇ? ಸೊಂಟ ನೋವೇ? ಹಗುರವಾಗಿ ಮಲಗಿ, ಹಾಯಾಗಿ ಏಳಿ" ಎಂದು ಹಾಸಿಗೆಯ ಗುಣಗಾನ, ಅದೆಲ್ಲ ಮುಗಿದ ಮೇಲೆ ಬಸ್ಸಿನ ವಿಷಯ. ಅಷ್ಟರಲ್ಲಿ ಬಸ್ಸು ಹೊರಟು ತಿರುವು ದಾಟಿರುತ್ತಿತ್ತು.

ತಪ್ಪಿಸಿಕೊಳ್ಳುವ ದಾರಿಯೂ ಇತ್ತೆನ್ನಿ. ಫೈಲಿನ ಮೇಲೆ ಬಲಗಡೆಯ ಗುಂಡಿ ಒತ್ತಿದರೆ 'ಯಾವುದರಲ್ಲಿ ತೆರೆಯಲಿ?' ಎಂದು ಕಂಪ್ಯೂಟರ್ ಕೇಳುತ್ತಿತ್ತು. ಓದುವ ಪ್ರೋಗ್ರಾಮನ್ನು ತೋರಿಸಿದರೆ 'ಯಾವಾಗಲೂ ಇದರಲ್ಲೇ ತೆರೆಯಲೇ?' ಎಂದು ಮತ್ತೆ ಕೇಳುತ್ತಿತ್ತು. ಭಾವ ಹೂಂ ಎನ್ನುತ್ತಿದ್ದರು. ರಾತ್ರಿ ಹೆಡ್ ಆಫೀಸಿನವರು ದೂರದಿಂದಲೇ ಅದನ್ನು ಅಳಿಸಿಹಾಕುತ್ತಿದ್ದರು. ಬೆಳಿಗ್ಗೆ ಕಂಪ್ಯೂಟರ್ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಿತ್ತು. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಹೆಂಡತಿಯ ಮೇಲೂ ರೇಗುವ ಮನುಷ್ಯ ನಮ್ಮ ಭಾವ. ಮೂರು ಬಸ್ಸು ಒಟ್ಟಿಗೆ ನುಗ್ಗಿದ ಗಡಿಬಿಡಿಯಲ್ಲಿ ಕೈ ತಪ್ಪಿ ಟಕ್ ಟಕ್ ಎಂದು ಒತ್ತಿಬಿಟ್ಟರೆ ಮುಗಿಯಿತು, ಹಾಸಿಗೆ.

ಹಾಗೆ ಕೈ ತಪ್ಪಿದ ಒಂದು ಬೆಳಿಗ್ಗೆ ಮಂಡಿ ಅಜ್ಜಿಗೆ ಆಸ್ಪತ್ರೆ ಬಸ್ಸು ತಪ್ಪಿತು.

ಮಂಡಿ ಅಜ್ಜಿ ಎಂದರೆ ದಿನಾ ಬೆಳಿಗ್ಗೆ ಮಂಡಿಗೆ ಚಿಕಿತ್ಸೆ ಮಾಡಿಸಿಕೊಳ್ಳಲು ದೊಡ್ಡಾಸ್ಪತ್ರೆಗೆ ಹೋಗುವ ಮುದುಕಿ. ಕಣ್ಣು ಮಂಜಾಗಿದೆ, ಬಸ್ಸಿನ ಬೋರ್ಡು ಕಾಣುವುದಿಲ್ಲ. ಕಂಬದ ಪಕ್ಕದ ಬೆಂಚಿನಲ್ಲಿ ಕೂತು ಮೈಕಿಗೆ ಕಿವಿಕೊಟ್ಟಿರುತ್ತಾರೆ. ಕೂಗು ಕೇಳಿದ ಮೇಲೆ ಕೋಲೂರಿಕೊಂಡು ಪ್ಲಾಟ್‌ಫಾರಂ ತಲುಪಲು ಅವರಿಗೆ ಇಷ್ಟು ಹೊತ್ತು ಎಂದು ಬೇಕು. ಅಂದು ಆ ಹೊತ್ತನ್ನು ಹಾಸಿಗೆ ತಿಂದುಹಾಕಿತು. ಅಜ್ಜಿ ಬಸ್ಸಿನ ಹೊಗೆ ಕುಡಿದು, ಅದೇ ಕೋಲೂರಿಕೊಂಡು ನೇರವಾಗಿ ಮೈಕಿನ ಕೋಣೆಯ ಬಾಗಿಲಿಗೆ ಬಂದರು.

"ಏನಪ್ಪಾ ಮೈಕಣ್ಣ, ನಾನೇನು ಇಲ್ಲಿ ಮಲಗಕ್ಕೆ ಬಂದಿದ್ದೀನಾ?"

"ಅಜ್ಜೀ, ಅದು ಹೆಡ್ ಆಫೀಸಿಂದ..."

"ನಿನ್ನ ಬಾಯಿ ನಂಬ್ಕೊಂಡು ನಾನು ದಿನಾ ಮನೆ ಬಿಡೋದು. ಹೆಡ್ ಆಫೀಸ್ ಬಾಯಿ ನಂಬ್ಕೊಂಡಲ್ಲ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳು, ನಾನು ಮನೇಲೇ ಬಿದ್ದಿರ್ತೀನಿ."

ಭಾವ ಕುರ್ಚಿ ಬಿಟ್ಟು ಎದ್ದರು. ನೇರ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಎಂದರೆ ನಮ್ಮ ನಿಲ್ದಾಣದ ಮುಖ್ಯಸ್ಥರು. ತಾವಾಗಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳದೆ ನಿವೃತ್ತಿಯ ಹತ್ತಿರ ಬಂದು ಮುಟ್ಟಿದ ಪುಣ್ಯವಂತರು.

"ಯಾವುದರಲ್ಲಿ ತೆರೀಬೇಕು ಅನ್ನೋದು ಹೆಡ್ ಆಫೀಸ್ ತೀರ್ಮಾನ ಕಣ್ರೀ," ಎಂದರು ಸಾಹೇಬರು. "ನಾನ್ಯಾರು, ನೀವ್ಯಾರು? ಇನ್ನೊಂದ್ಸಲ ಇದೇ ವಿಷಯ ಎತ್ತಿದ್ರೆ ಕಳೆದ ಸಾಮಾನಿನ ಕೋಣೆಗೆ ಹಾಕ್ತೀನಿ ನೋಡಿ. ಅಲ್ಲಿ ಮೈಕೂ ಇಲ್ಲ, ಹಾಸಿಗೇನೂ ಇಲ್ಲ. ಜನ ಮರೆತು ಹೋದ ಕೊಡೆಗಳ ಮಧ್ಯೆ ಕೂತಿರಿ."

ಭಾವನಿಗೆ ಮೈಕು ಬಿಟ್ಟರೆ ಬೇರೆ ಲೋಕವಿಲ್ಲ. ಆ ಮಾತು ಅವರಿಗೆ ಚೆನ್ನಾಗಿಯೇ ನಾಟಿತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಸುಮ್ಮನಾಗುತ್ತಿದ್ದರು. ನಮ್ಮ ಭಾವ ಹೆದರಿದರು, ಆದರೆ ಸುಮ್ಮನಾಗಲಿಲ್ಲ.

ನಿಲ್ದಾಣದ ಹೊರಬಾಗಿಲಿನಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿಯವನ ಅಂಗಡಿಯಿದೆ. ಸಂಜೆ ಭಾವ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದರು. ರಿಪೇರಿಯವನು ಎಲ್ಲ ಕೇಳಿಸಿಕೊಂಡು, ತನ್ನ ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆದ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಕತ್ತಲೆ ಮತ್ತು ಮಿನುಗುವ ಒಂದು ಗೆರೆ.

"ಇದರಲ್ಲಿ ಪ್ರಶ್ನೆ ಕೇಳಲ್ಲ ಸಾರ್, ನೀವು ಹೇಳಿದ್ದು ಮಾಡುತ್ತೆ ಅಷ್ಟೇ," ಎಂದ. "ಇಂಥ ತರದ ಫೈಲು ಇಂಥ ಪ್ರೋಗ್ರಾಮಲ್ಲಿ ತೆರೀಬೇಕು ಅಂತ ಒಂದು ಸಾಲು ಬರೀರಿ. ಆ ಸಾಲನ್ನ ಒಂದು ಫೈಲಲ್ಲಿ ಹಾಕಿ, ಕಂಪ್ಯೂಟರ್ ಬೆಳಿಗ್ಗೆ ಎದ್ದ ತಕ್ಷಣ ನೋಡೋ ಜಾಗದಲ್ಲಿ ಇಡಿ. ಅವರು ರಾತ್ರಿ ಅಳಿಸ್ಲಿ. ನಿಮ್ಮ ಸಾಲು ಬೆಳಿಗ್ಗೆ ಮತ್ತೆ ಬರೆಯುತ್ತೆ."

"ಅವರು ದಿನಾ ಅಳಿಸಿದ್ರೆ?"

"ಇದು ದಿನಾ ಬರೆಯುತ್ತೆ."

ಭಾವನ ಕಣ್ಣಲ್ಲಿ ನೀರು ಬಂತು. ತಮ್ಮ ಪರವಾಗಿ ದಿನಾ ಜಗಳ ಆಡುವಂಥ ಒಂದು ಪ್ರಾಣಿ ಈ ಲೋಕದಲ್ಲಿ ಸಿಕ್ಕಿತಲ್ಲ ಎಂದು. ರಿಪೇರಿಯವನು ಹೇಳಿದ್ದನ್ನೆಲ್ಲ ಅಂಗೈ ಮೇಲೆ ಗೀಚಿಕೊಂಡರು. ಎಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಮಾತ್ರ ಒಂದು ಬೇಡದ ಪ್ರಶ್ನೆ ಕೇಳಿದರು.

"ಯಾವ ತರದ ಫೈಲು ಅಂತ ಬರೀಲೇಬೇಕಾ? ಎಲ್ಲಾ ತರದ್ದಕ್ಕೂ ಒಂದೇ ಸಲ ಹೇಳಕ್ಕಾಗಲ್ವಾ?"

"ಆ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದ್ರೆ ಎಲ್ಲಾನೂ ಅಂತ. ಆದ್ರೆ ಸಾರ್, ಹಾಗೆ..."

ಭಾವ ಆ 'ಆದ್ರೆ' ಕೇಳುವಷ್ಟು ಹೊತ್ತು ಅಲ್ಲಿರಲಿಲ್ಲ. ದಾರಿಯಲ್ಲಿ ನಾನು ಕೇಳಿದೆ, "ಭಾವ, ಬಸ್ಸಿನ ಫೈಲಿಗೆ ಮಾತ್ರ ಹಾಕಿದ್ರೆ ಸಾಕಲ್ವಾ?"

"ನೀನು ಟಿಕೆಟ್ ಹರಿಯೋನು, ಚಿಕ್ಕದಾಗೇ ಯೋಚನೆ ಮಾಡ್ತೀಯ," ಎಂದರು. "ಇವತ್ತು ಬಸ್ಸಿನ ಫೈಲಿಗೆ ಹಾಕಿದ್ರೆ, ನಾಳೆ ಅವರು ಇನ್ನೊಂದು ತರದ ಫೈಲ್ ಹಿಡ್ಕೊಂಡು ಬರ್ತಾರೆ. ಒಂದು ಬಾಗಿಲು ಮುಚ್ಚಿ ಹತ್ತು ಬಾಗಿಲು ತೆರೆದಿಡೋದಾ?"

ಅಷ್ಟಕ್ಕೇ ನಿಲ್ಲಿಸಲಿಲ್ಲ. ತುರ್ತು ಸಂದರ್ಭದಲ್ಲಿ ಸಾಹೇಬರೂ ತಮ್ಮ ಕೋಣೆಯಿಂದಲೇ ಮೈಕಿನಲ್ಲಿ ಹೇಳಬಹುದೆಂದು ಅವರ ಕಂಪ್ಯೂಟರಿನಲ್ಲೂ ಓದುವ ಪ್ರೋಗ್ರಾಮು ಇತ್ತು. ಅಲ್ಲಿಂದ ಹಾಸಿಗೆ ನುಸುಳಬಾರದಲ್ಲ! ಹಾಗಾಗಿ ಭಾವ ತಮ್ಮ ಸಾಲನ್ನು ನಿಲ್ದಾಣದ ಎಲ್ಲ ಕಂಪ್ಯೂಟರುಗಳೂ ಎದ್ದ ಕೂಡಲೇ ನೋಡುವ ಸಾಮಾನ್ಯ ಜಾಗದಲ್ಲಿ ಇಟ್ಟರು, ನಕ್ಷತ್ರ ಸಮೇತ. ಸಾಹೇಬರ ಕಂಪ್ಯೂಟರಿಗೆ ಮಾತ್ರ ಅದು ಆಗ ತಟ್ಟಲಿಲ್ಲ. ಏಕೆಂದರೆ ಸಾಹೇಬರು ಅದನ್ನು ಆರಿಸಿ ಮತ್ತೆ ಹಾಕುವ ತೀರ್ಮಾನವನ್ನೂ ಎಂದೂ ತೆಗೆದುಕೊಂಡವರಲ್ಲ.

ಮರುದಿನ ಬೆಳಿಗ್ಗೆ ಏನು ಸೊಗಸು! ಟಕ್ ಟಕ್ ಎಂದರೆ ಟಿಂಗ್‌ಟಾಂಗ್. ಹಾಸಿಗೆ ಇಲ್ಲ, ಪ್ರಶ್ನೆ ಇಲ್ಲ. ಮಂಡಿ ಅಜ್ಜಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತರು. ಭಾವ ಎದೆಯುಬ್ಬಿಸಿಕೊಂಡು ಪ್ಲಾಟ್‌ಫಾರಂ ಉದ್ದಕ್ಕೂ ಓಡಾಡಿ, ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಕಸ ಗುಡಿಸುವವರಿಗೆ, ಕೊನೆಗೆ ಒಂದು ಕಂಬಕ್ಕೂ ತಾವು ಬರೆದ ಸಾಲಿನ ವಿಷಯ ಹೇಳಿದರು. ಹೇಳಿ ಬಂದು ಕೂತರು. ಅಷ್ಟು ಹೊತ್ತಿಗೆ ಅಕ್ಕನಿಂದ ಒಂದು ಫೈಲು ಬಂದಿತ್ತು.

ಮೇಲ್ಮನೆಯ ವಕೀಲರ ಮೇಲೆ ಮನೆ ಮಾಲೀಕರಿಗೆ ಕೊಡಲು ಅಕ್ಕ ಬರೆದ ದೂರು. ಒಮ್ಮೆ ನೋಡಿ ತಪ್ಪಿದ್ದರೆ ತಿದ್ದಿ ಎಂದು ಕಳಿಸಿದ್ದಳು. ಭಾವ ಅಭ್ಯಾಸಬಲದಿಂದ ಟಕ್ ಟಕ್ ಎಂದರು.

ಟಿಂಗ್‌ಟಾಂಗ್. "ಪ್ರಯಾಣಿಕರ ಗಮನಕ್ಕೆ. ನಮ್ಮ ಮೇಲ್ಮನೆಯಲ್ಲಿರುವ ವಕೀಲರು ಪ್ರತಿದಿನ ತಮ್ಮ ಒಳ ಉಡುಪುಗಳನ್ನು ಹಿಂಡದೆ ಒಣಹಾಕುವುದರಿಂದ, ಅದರ ನೀರು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಳಿಯುತ್ತಿದೆ. ಕೇಳಿದರೆ ಅದು ಮಳೆನೀರು ಎಂದು ವಾದಿಸುತ್ತಾರೆ. ಬೇಸಿಗೆಯಲ್ಲೂ ಹೀಗೆಯೇ ವಾದಿಸಿರುತ್ತಾರೆ."

ನನ್ನ ಕೌಂಟರಿನ ಮುಂದೆ ನಿಂತಿದ್ದ ಒಬ್ಬ ಹಳ್ಳಿಯ ಹೆಂಗಸು ಗಾಬರಿಯಿಂದ ಕೇಳಿದರು, "ಈ ವಕೀಲರು ಎಷ್ಟನೇ ಪ್ಲಾಟ್‌ಫಾರಮ್ಮಿಗೆ ಬರ್ತಾರೆ?"

ಗ್ರಹಚಾರಕ್ಕೆ ಆ ವಕೀಲರು ಎರಡನೇ ಪ್ಲಾಟ್‌ಫಾರಂನಲ್ಲೇ ನಿಂತಿದ್ದರು, ಕೋರ್ಟಿನ ಬಸ್ಸಿಗೆ, ಕರಿ ಕೋಟಿನಲ್ಲಿ. ಆ ನಿಲ್ದಾಣದಲ್ಲಿ ಕರಿ ಕೋಟು ತೊಟ್ಟಿದ್ದವರು ಅವರೊಬ್ಬರೇ. ಜನರೆಲ್ಲ ತಿರುಗಿ ನೋಡಿದರು. ವಕೀಲರು ಕೆಂಡಾಮಂಡಲವಾಗಿ ಮೈಕಿನ ಕೋಣೆಗೆ ನುಗ್ಗಿದರು.

"ಇದು ಮಾನನಷ್ಟ! ಮಾನನಷ್ಟ ಕಣ್ರೀ ಇದು!"

ನಾನು ಹಲಗೆಯ ಸಂದಿನಿಂದ ಭಾವನನ್ನು ನೋಡುತ್ತಿದ್ದೆ. ಕ್ಷಮಿಸಿ ಎಂದು ಹೇಳಿಬಿಡುತ್ತಾರೆ ಅಂದುಕೊಂಡೆ. ಆದರೆ ಅವರಿಗೆ ಅಕ್ಕನ ಅಡುಗೆಮನೆಯ ಕಿಟಕಿ ನೆನಪಾಗಿರಬೇಕು.

"ಅದರಲ್ಲಿ ಸುಳ್ಳು ಏನಿದೆ ಹೇಳಿ ಸಾರ್," ಎಂದರು.

"ನೋಟಿಸ್ ಕಳಿಸ್ತೀನಿ ನಿಮಗೆ!"

"ಕಳಿಸಿ. ಬಂದ ತಕ್ಷಣ ತೆರೆದು ನೋಡ್ತೀನಿ."

ವಕೀಲರು ಬಾಯಿ ತೆರೆದರು, ತಲೆಯ ಮೇಲಿದ್ದ ಧ್ವನಿವರ್ಧಕ ನೋಡಿದರು, ಬಾಯಿ ಮುಚ್ಚಿದರು. ಅಂದಿನಿಂದ ನಮ್ಮಕ್ಕನ ಕಿಟಕಿ ಒಣಗಿದೆ. ಕಾನೂನಿನ ದೊಡ್ಡ ದೊಡ್ಡ ವಾದಗಳಿಂದಲೂ ಆಗದಿದ್ದ ಕೆಲಸ ಇದು.

ಗದ್ದಲ ಕೇಳಿ ಸಾಹೇಬರು ಓಡೋಡಿ ಬಂದರು. ಯಾವತ್ತೂ ಓಡದವರು ಓಡಿದ್ದರಿಂದ ಮಾತಾಡಲು ಉಸಿರಿರಲಿಲ್ಲ. ಕೈಯಲ್ಲೇ 'ತೆಗಿ, ತೆಗಿ' ಎಂದು ಸನ್ನೆ ಮಾಡಿದರು.

"ನಕ್ಷತ್ರ ತೆಗೀತೀನಿ ಸಾರ್. ಅದು ನನ್ನ ತಪ್ಪು," ಎಂದರು ಭಾವ. "ಸಾಲು ತೆಗೆಯಲ್ಲ."

"ಏನು ನಕ್ಷತ್ರ? ಏನು ಸಾಲು?"

ತೋರಿಸೋಣವೆಂದು ಭಾವ ತಾವು ಬರೆದ ಸಾಲಿನ ಫೈಲನ್ನೇ ತಿದ್ದಲು ತೆರೆದರು. ಎಲ್ಲ ಫೈಲುಗಳೂ ಓದುವ ಪ್ರೋಗ್ರಾಮಿನಲ್ಲೇ ತೆರೆಯಬೇಕೆಂದು ಅಪ್ಪಣೆ ಕೊಟ್ಟವರು ಅವರೇ ತಾನೇ? ಅಪ್ಪಣೆಯ ಫೈಲೂ ಒಂದು ಫೈಲೇ.

ಟಿಂಗ್‌ಟಾಂಗ್. "ಪ್ರಯಾಣಿಕರ ಗಮನಕ್ಕೆ. ನಕ್ಷತ್ರ."

ನಿಲ್ದಾಣದವರೆಲ್ಲ ಮುಂದೇನು ಎಂದು ಕಾದರು. ಮುಂದಿನದು ಇಂಗ್ಲಿಷ್ ಅಕ್ಷರಗಳಲ್ಲಿದ್ದುದರಿಂದ ಆ ಹೆಂಗಸು ಗಂಟಲು ಕಟ್ಟಿದವಳ ಹಾಗೆ ಏನೇನೋ ಅಂದಳು. ಭಾವ ಬಲಗಡೆಯ ಗುಂಡಿ ಒತ್ತಿ ಮತ್ತೊಮ್ಮೆ ತೆರೆದರು, ಆದರೆ ಈಗ ಕಂಪ್ಯೂಟರ್ ಪ್ರಶ್ನೆ ಕೇಳುವುದನ್ನೇ ಬಿಟ್ಟಿತ್ತು. "ಪ್ರಯಾಣಿಕರ ಗಮನಕ್ಕೆ. ನಕ್ಷತ್ರ." ಸಾಹೇಬರು ಅವರ ಕೈ ತಳ್ಳಿ ತಾವೇ ತೆರೆದರು. "ಪ್ರಯಾಣಿಕರ ಗಮನಕ್ಕೆ. ನಕ್ಷತ್ರ." ನನ್ನ ಕೌಂಟರಿನ ಮುಂದೆ ಆಗಲೇ ಸಾಲು ಬೆಳೆಯುತ್ತಿತ್ತು.

"ನಕ್ಷತ್ರಕ್ಕೆ ಎರಡು ಕೊಡಿ. ಒಂದು ಅರ್ಧ ಟಿಕೆಟ್."

"ಅಂಥ ಊರಿಲ್ಲ ಸ್ವಾಮಿ."

"ಇಷ್ಟು ಸಲ ಕೂಗ್ತಾ ಇದ್ದಾರೆ, ಇಲ್ಲ ಅಂತೀರಲ್ಲ. ನಿಮಗೇ ಗೊತ್ತಿಲ್ವೇನೋ, ಒಳಗೆ ಕೇಳಿ ನೋಡಿ."

ರಿಪೇರಿಯವನನ್ನು ಕರೆಸೋಣವೆಂದರೆ ಅವನು ಅಂಗಡಿಗೆ ಬೀಗ ಹಾಕಿ ಹೆಂಡತಿಯ ತವರಿಗೆ ಹೋಗಿದ್ದ. ಸಾಹೇಬರಿಗೆ ಉಸಿರು ವಾಪಸ್ಸು ಬಂದಿತ್ತು. "ನಾಳೆ ಬೆಳಿಗ್ಗೆಯೊಳಗೆ ಲಿಖಿತ ವಿವರಣೆ ಕಳಿಸಿ," ಎಂದರು. "ಹೇಗೂ ನಿಮ್ಮ ವರ್ಗದ ಆರ್ಡರ್ ನಾನು ಟೈಪ್ ಮಾಡಿಡ್ತೀನಿ. ಕೊಡೆಗಳ ಜೊತೆ ಮಾತಾಡ್ಕೊಂಡಿರಿ."

ಅಂದು ಮನೆಯಲ್ಲಿ ಅಕ್ಕ ಕೆಂಪಗಾಗಿದ್ದಳು. ತನ್ನ ದೂರು ಊರಿಗೆಲ್ಲ ಕೇಳಿತೆಂದಲ್ಲ. "ತಪ್ಪಿದ್ರೆ ತಿದ್ದಿ ಅಂದ್ರೆ ತಿದ್ದದೇ ಓದಿಸಿದ್ದೀರಲ್ರೀ! 'ವಾದಿಸುತ್ತಾರೆ' ಅನ್ನೋ ಬದಲು 'ವಾದಿಸಿರುತ್ತಾರೆ' ಅಂತ ಬರೆದಿದ್ದೀನಿ ನಾನು, ಎಲ್ಲರೂ ಕೇಳಿಸ್ಕೊಂಡ್ರಲ್ಲ!" ಆಮೇಲೆ ವರ್ಗದ ವಿಷಯ ಕೇಳಿ ದನಿ ತಗ್ಗಿಸಿದಳು. "ಹೋಗ್ಲಿ, ಕ್ಷಮೆ ಕೇಳಿಬಿಡ್ರೀ. ಮೈಕಿಲ್ದೆ ನೀವು ಬದುಕ್ತೀರಾ?"

"ಬದುಕಲ್ಲ," ಎಂದರು ಭಾವ. "ಅದಕ್ಕೇ ಕ್ಷಮೆ ಕೇಳಲ್ಲ." ಅದರ ಅರ್ಥ ನಮಗೆ ಯಾರಿಗೂ ಆಗಲಿಲ್ಲ, ಅವರಿಗೂ ಆಗಿರಲಿಲ್ಲವೆಂದು ನನ್ನ ಅನುಮಾನ. ಆದರೆ ಹೇಳಿದ ರೀತಿ ಹೇಗಿತ್ತೆಂದರೆ ಅಕ್ಕ ಎದ್ದು ಹೋಗಿ ಅವರಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟಳು.

ಮರುದಿನ ಬೆಳಿಗ್ಗೆ ಸಾಹೇಬರು ಹೆಡ್ ಆಫೀಸಿಗೆ ಫೋನ್ ಮಾಡಿದರು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಯಾವ ಕಾಯಿಲೆಗೂ ಕೊಡುವ ಒಂದೇ ಔಷಧಿಯನ್ನು ಕೊಟ್ಟರು: "ಒಂದ್ಸಲ ಆರಿಸಿ ಮತ್ತೆ ಹಾಕಿ ಸಾರ್." ಸಾಹೇಬರು ಮೇಲಿನವರ ಮಾತು ಮೀರುವವರಲ್ಲ. ಮೊಟ್ಟಮೊದಲ ಬಾರಿಗೆ ತಮ್ಮ ಕಂಪ್ಯೂಟರನ್ನು ಆರಿಸಿದರು. ಮತ್ತೆ ಹಾಕಿದರು. ಅದು ಎದ್ದಿತು, ಕಣ್ಣುಜ್ಜಿಕೊಂಡು ಸಾಮಾನ್ಯ ಜಾಗ ನೋಡಿತು, ಭಾವನ ಸಾಲು ಓದಿತು, ನಕ್ಷತ್ರ ಕಂಡಿತು, ಅಪ್ಪಣೆ ಎಂದಿತು.

ಸಾಹೇಬರು ಭಾವ ಕಳಿಸಿದ್ದ ವಿವರಣೆಯನ್ನು ತೆರೆದರು.

ಟಿಂಗ್‌ಟಾಂಗ್. "ಪ್ರಯಾಣಿಕರ ಗಮನಕ್ಕೆ. ಮಾನ್ಯರೇ. ನಾನು ನಕ್ಷತ್ರ ಹಾಕಿದ್ದು ತಪ್ಪು. ಸಾಲು ಬರೆದದ್ದು ತಪ್ಪಲ್ಲ. ಬಸ್ಸು ಹೊರಟ ಮೇಲೆ ಬಸ್ಸು ಹೊರಡುತ್ತದೆ ಎಂದು ಹೇಳುವುದು ಸುಳ್ಳು ಹೇಳಿದ ಹಾಗೆ. ನಾನು ಈ ಮೈಕಿನಲ್ಲಿ ಇದುವರೆಗೆ ಸುಳ್ಳು ಹೇಳಿಲ್ಲ. ಹಾಸಿಗೆ ಬೇಕಾದವರು ಅಂಗಡಿಗೆ ಹೋಗುತ್ತಾರೆ, ನಿಲ್ದಾಣಕ್ಕೆ ಬರುವುದಿಲ್ಲ. ನೀವು ಅಳಿಸಿದಷ್ಟು ಸಲ ನಾನು ಬರೆಯುತ್ತೇನೆ. ಇಂತಿ ವಿಧೇಯ."

ವಿಧೇಯ ಎಂಬ ಪದವನ್ನು ಅಷ್ಟು ಅವಿಧೇಯವಾಗಿ ಯಾರೂ ಬಳಸಿರಲಾರರು. ನಾನು ಸಂದಿನಿಂದ ಇಣುಕಿದೆ. ಭಾವ ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದರು. ಹೀಗಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಇಂದಿಗೂ ಜನ ಕೇಳುತ್ತಾರೆ. ಗೊತ್ತಿದ್ದವರ ಬಾಯಿ ಅಷ್ಟು ದೊಡ್ಡದಾಗಿ ತೆರೆದುಕೊಂಡಿರುವುದಿಲ್ಲ.

ಆ ಕಡೆ ಸಾಹೇಬರು ದನಿ ನಿಲ್ಲಿಸಬೇಕೆಂಬ ಗಾಬರಿಯಲ್ಲಿ ಪರದೆಯ ಮೇಲೆ ಕಂಡಕಂಡಲ್ಲಿ ಟಕ್ ಟಕ್ ಎಂದರು. ಅಲ್ಲಿದ್ದದ್ದು ಅವರು ಟೈಪ್ ಮಾಡಿಟ್ಟಿದ್ದ ಆರ್ಡರು.

ಟಿಂಗ್‌ಟಾಂಗ್. "ಪ್ರಯಾಣಿಕರ ಗಮನಕ್ಕೆ. ಮೈಕಿನ ನೌಕರರನ್ನು ಈ ಕೂಡಲೇ ಕಳೆದ ಸಾಮಾನಿನ ಕೋಣೆಗೆ ವರ್ಗಾಯಿಸಲಾಗಿದೆ. ಷರತ್ತುಗಳು ಈ ಕೆಳಕಂಡಂತಿವೆ."

ಕಂಬದ ಪಕ್ಕದ ಬೆಂಚಿನಿಂದ ಮಂಡಿ ಅಜ್ಜಿ ಎದ್ದರು. ಅವರ ಹಿಂದೆ ಒಬ್ಬೊಬ್ಬರಾಗಿ ಇಡೀ ನಿಲ್ದಾಣ ಎದ್ದಿತು. ನಾನೂ ಕೌಂಟರ್ ಮುಚ್ಚಿ ಹೋದೆ, ಟಿಕೆಟ್ ಕೊಳ್ಳುವವರೇ ಇಲ್ಲದ ಮೇಲೆ ಕೂತು ಏನು ಮಾಡಲಿ? ಸಾಹೇಬರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನಮ್ಮ ಮೈಕಣ್ಣನ್ನ ಯಾಕ್ರೀ ಕಳಿಸ್ತೀರಾ?"

"ಹಾಸಿಗೆ ಕಂಪನೀನ ಬೇಕಾದ್ರೆ ಕಳೆದ ಸಾಮಾನಿನ ಕೋಣೆಗೆ ಹಾಕಿ!"

"ನಕ್ಷತ್ರದ ಬಸ್ಸು ಯಾವಾಗ್ರೀ?" ಅದು ನಿನ್ನೆಯ ಗಿರಾಕಿ. ಪಟ್ಟು ಬಿಟ್ಟಿರಲಿಲ್ಲ.

"ನೋಡಿ, ಇದು ಹೆಡ್ ಆಫೀಸ್ ತೀರ್ಮಾನ..." ಎಂದು ಸಾಹೇಬರು ಗೋಡೆಗೆ ಒರಗಿದರು.

ಅಜ್ಜಿ ಕೋಲಿನಿಂದ ಮೇಜು ಕುಟ್ಟಿದರು. "ಆರ್ಡರ್ ವಾಪಸ್ ತಗೊಳ್ಳಪ್ಪ. ತಗೊಂಡಿದ್ದೀನಿ ಅಂತ ಮೈಕಲ್ಲೇ ಹೇಳು. ಅಲ್ಲಿ ತನಕ ನಾವು ಇಲ್ಲಿಂದ ಅಲ್ಲಾಡಲ್ಲ."

ತಲೆಯ ಮೇಲೆ ಆ ಹೆಂಗಸು ಷರತ್ತುಗಳನ್ನು ಒಂದೊಂದಾಗಿ ಓದುತ್ತಲೇ ಇದ್ದಳು. ಸರ್ಕಾರಿ ಆರ್ಡರು ಅಷ್ಟು ಬೇಗ ಮುಗಿಯುವುದೂ ಇಲ್ಲ, ಅವಳು ನಡುವೆ ಬಿಡುವವಳೂ ಅಲ್ಲ. ಆಗಲೇ ಮೂರನೇ ಪ್ಲಾಟ್‌ಫಾರಂಗೆ ಒಂದು ಬಸ್ಸು ಬಂದು ನಿಂತದ್ದು ಕೋಣೆಯಲ್ಲಿದ್ದ ನಮಗೆ ಯಾರಿಗೂ ತಿಳಿಯಲಿಲ್ಲ.

ಮೈಕಿನ ಕೋಣೆಯ ಕಿಟಕಿ ದಢಾರನೆ ತೆರೆಯಿತು.

"ಆಸ್ಪತ್ರೆ ಬಸ್ಸೂ! ಮೂರನೇ ಪ್ಲಾಟ್‌ಫಾರಂ! ಅಜ್ಜೀ, ನಿಧಾನಕ್ಕೆ ಬನ್ನಿ, ನಾನು ಡ್ರೈವರಿಗೆ ಹೇಳ್ತೀನೀ!"

ಮೈಕಿಲ್ಲದ, ಹಳೆಯ, ಬರೀ ಗಂಟಲಿನ ಕೂಗು. ಧ್ವನಿವರ್ಧಕದ ಹೆಂಗಸು ಅದರ ಮುಂದೆ ಗೊಣಗಿದಂತೆ ಕೇಳಿಸಿತು. ಅಲ್ಲಾಡುವುದಿಲ್ಲ ಎಂದಿದ್ದವರೆಲ್ಲ ಒಂದೇ ಉಸಿರಿಗೆ ಬಾಗಿಲಿನಿಂದಾಚೆ ಓಡಿದರು. ಪ್ರತಿಭಟನೆ ಏನಿದ್ದರೂ ಬಸ್ಸು ಬರುವ ತನಕ. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ತಿರುಗಿದರು.

"ಕೇಳಿಸ್ತಾ ಸಾಹೇಬ್ರೇ? ಇದಕ್ಕೆ ನಾನು ಮನೆ ಬಿಡೋದು," ಎಂದು ಕೋಲೂರಿಕೊಂಡು ಹೊರಟರು. ಬಸ್ಸು ಕಾದಿತ್ತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಸಾಹೇಬರ ಕೋಣೆಯಲ್ಲಿ ಉಳಿದವನು ನಾನೊಬ್ಬ. ಅಷ್ಟರಲ್ಲಿ ಭಾವ ಬಂದರು. ಅಂಗಿಯ ಗುಂಡಿಯನ್ನೆಲ್ಲ ಸರಿಯಾಗಿ ಹಾಕಿಕೊಂಡು, ಮೇಜಿನ ಮುಂದೆ ನೆಟ್ಟಗೆ ನಿಂತರು.

"ಸಾರ್, ಕಳೆದ ಸಾಮಾನಿನ ಕೋಣೆ ಬೀಗದ ಕೈ ಕೊಡಿ."

"ಯಾಕ್ರೀ?"

"ವರ್ಗ ಆಗಿದೆಯಲ್ಲ. ಮೈಕಲ್ಲೇ ಹೇಳಿದ್ರಿ. ಮೈಕಲ್ಲಿ ಹೇಳಿದ್ದು ಸುಳ್ಳಾಗಬಾರದು."

ಸಾಹೇಬರು ಬೆವರು ಒರೆಸಿಕೊಂಡರು. ಕಿಟಕಿಯಿಂದಾಚೆ ಇಣುಕಿದರು. ಆಸ್ಪತ್ರೆ ಬಸ್ಸಿನವರು ಹೋಗಿದ್ದರೂ ಕೋರ್ಟಿನ ಬಸ್ಸಿನವರು ಅಲ್ಲೇ ಇದ್ದರು, ಈ ಕಡೆಯೇ ನೋಡುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರು ಒಂದು ತೀರ್ಮಾನ ತೆಗೆದುಕೊಂಡದ್ದನ್ನು ಅಂದು ನಾನು ಕಣ್ಣಾರೆ ಕಂಡೆ.

"ಸುಮ್ನೆ ಹೋಗಿ ನಿಮ್ಮ ಜಾಗದಲ್ಲಿ ಕೂತ್ಕೊಳ್ರೀ. ಮುಂದಿನ ಬಸ್ಸು ಬರ್ತಾ ಇದೆ."

"ಹಾಸಿಗೆ?"

"ಹಾಸಿಗೆ ಬೇಡ ಅಂತ ಹೆಡ್ ಆಫೀಸಿಗೆ ನಾನೇ ಬರೀತೀನಿ."

ಭಾವ ಬಾಗಿಲ ತನಕ ಹೋಗಿ, ಹೊಸ್ತಿಲ ಮೇಲೆ ನಿಂತರು.

"ಬರೀರಿ ಸಾರ್. ಬರೆದು, ಕಳಿಸೋ ಮುಂಚೆ ಒಂದ್ಸಲ ತೆರೆದು ನೋಡಿ. ತಪ್ಪಿದ್ರೆ ಜನ ಹೇಳ್ತಾರೆ."